ಹಳೆಯ ಟ್ರ್ಯಾಕ್ಟರ್: ಹರಾಜಿನಲ್ಲಿ ಕೊಳ್ಳುವುದು ಹೇಗೆ? ಕಾಪಾಡುವುದು ಹೇಗೆ?



ಹರಾಜು ಎಂದರೇನು ಎಂದು ನಮಗೆಲ್ಲ ಗೊತ್ತು. ಪಂಚಾಯ್ತಿಯವರು ಕೆರೆ ಏರಿಯ ಹುಣಸೆ ಮರದ ಫಸಲನ್ನು ಹರಾಜು ಹಾಕುತ್ತಾರೆ. ಜಾತ್ರೆ ಮುಗಿದ ಮೇಲೆ ದೇವರ ಹಾರ, ತೆಂಗಿನಕಾಯಿ ಸವಾಲಿಗೆ ಬರುತ್ತವೆ. ಅಲ್ಲೆಲ್ಲ ನಗು ಇರತ್ತೆ. ಆದರೆ 'ಟ್ರ್ಯಾಕ್ಟರ್ ಹರಾಜು' ಅಂದ ಕೂಡಲೇ ದೊಡ್ಡವರ ಮುಖ ಸಪ್ಪಗಾಗತ್ತೆ. ಯಾಕೆಂದರೆ ನಮ್ಮ ಕಡೆ ಸಾಲ ಕಟ್ಟಲಾಗದ ಮನೆಯ ಟ್ರ್ಯಾಕ್ಟರೇ ಹೆಚ್ಚಾಗಿ ಹರಾಜಿಗೆ ಹೋಗುವುದು.

ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಇನ್ನೊಂದು ತರದ ಟ್ರ್ಯಾಕ್ಟರ್ ಹರಾಜು ನಡೆಯುತ್ತದೆ. ಅಲ್ಲಿ ಐವತ್ತು, ಎಂಬತ್ತು, ನೂರು ವರ್ಷದ ಹಳೆಯ ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಜನ ಬುತ್ತಿ ಕಟ್ಟಿಕೊಂಡು ಹೋಗಿ, ದುಡ್ಡು ಕೊಟ್ಟು ತಂದು, ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ಓಡದೇ ಇರೋದನ್ನೂ ಕೊಳ್ತಾರೆ! ಯಾಕೆ, ಹೇಗೆ ಎಂದು ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಇಂಜಿನ್ ವಿಷಯಗಳನ್ನು ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಬಿಡಿಸಿ ಹೇಳಿದರು.

1. ಮೊದಲ ಟ್ರ್ಯಾಕ್ಟರುಗಳು

ಟ್ರ್ಯಾಕ್ಟರ್ ಬರುವ ಮುಂಚೆ ಆ ದೇಶಗಳಲ್ಲಿ ಕುದುರೆಗಳು ಉಳುತ್ತಿದ್ದವು. ಆಮೇಲೆ ಉಗಿ ಇಂಜಿನ್ ಬಂತು. ಅದು ಬಹಳ ಭಾರ. 1892ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಜಾನ್ ಫ್ರೋಲಿಕ್ ಎಂಬವರು ಪೆಟ್ರೋಲಿನಿಂದ ಓಡುವ, ಮುಂದಕ್ಕೂ ಹಿಂದಕ್ಕೂ ಹೋಗುವ ಟ್ರ್ಯಾಕ್ಟರ್ ಮಾಡಿದರು. ಅವರ ಕೆಲಸದಿಂದ ಹುಟ್ಟಿದ ವಾಟರ್ಲೂ ಕಂಪನಿಯನ್ನು 1918ರಲ್ಲಿ ನೇಗಿಲು ಮಾಡುತ್ತಿದ್ದ ಜಾನ್ ಡೀರ್ ಕಂಪನಿಯವರು ಕೊಂಡರು. ಹಸಿರು ಬಣ್ಣ, ಹಳದಿ ಚಕ್ರದ ಜಾನ್ ಡೀರ್ ಟ್ರ್ಯಾಕ್ಟರನ್ನು ನಾವೂ ನೋಡಿದ್ದೇವೆ.

1917ರಲ್ಲಿ ಹೆನ್ರಿ ಫೋರ್ಡ್ 'ಫೋರ್ಡ್‌ಸನ್' ಎಂಬ ಸಣ್ಣ ಟ್ರ್ಯಾಕ್ಟರನ್ನು ಕಾರಿನಂತೆ ಸಾಲುಸಾಲಾಗಿ ತಯಾರಿಸಲು ಶುರು ಮಾಡಿದರು. 1922ರಲ್ಲಿ ಅದರ ಬೆಲೆಯನ್ನು 395 ಡಾಲರಿಗೆ ಇಳಿಸಿದರು. ಸಾಧಾರಣ ರೈತನಿಗೂ ಅದು ಕೈಗೆಟುಕಿತು. 1924ರಲ್ಲಿ 'ಫಾರ್ಮಾಲ್' ಬಂತು. ಅದರ ಮುಂದಿನ ಎರಡು ಚಕ್ರ ಹತ್ತಿರ ಹತ್ತಿರ ಇರುತ್ತಿದ್ದವು. ಬೆಳೆಯ ಸಾಲುಗಳ ನಡುವೆ ಗಿಡ ತುಳಿಯದೆ ಹೋಗಬಹುದಾಗಿತ್ತು.

ಆಗಿನ ಚಕ್ರಗಳು ಕಬ್ಬಿಣದವು, ಮೇಲೆ ಹಲ್ಲು ಬೇರೆ. ಡ್ರೈವರನ ಸೊಂಟ ಏನಾಗಬೇಕು! ಗಾಳಿ ತುಂಬಿದ ರಬ್ಬರ್ ಟೈರು 1932ರಿಂದ ಈಚೆಗೆ ಬಂದದ್ದು.

2. ಫರ್ಗುಸನ್ ಮತ್ತು ಮೂರು ಕೊಂಡಿ

ಈ ಲೇಖನದಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಹ್ಯಾರಿ ಫರ್ಗುಸನ್. ಅವರು ಐರ್ಲೆಂಡಿನ ರೈತನ ಮಗ. ಆಗ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಬರೀ ಎಳೆದುಕೊಂಡು ಹೋಗುವಂತೆ ಕಟ್ಟುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಮುಂಗಾಲು ಎತ್ತಿದ ಕುದುರೆಯಂತೆ ಎದ್ದು, ಹಿಂದಕ್ಕೆ ಮಗುಚಿ ಡ್ರೈವರನ ಮೇಲೇ ಬೀಳುತ್ತಿತ್ತು. ಬಹಳ ಜನ ಸತ್ತರು. ಫರ್ಗುಸನ್ ನೇಗಿಲನ್ನು ಮೂರು ಕಡೆ ಕೊಂಡಿ ಹಾಕಿ ಸಿಕ್ಕಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ವ್ಯವಸ್ಥೆ ಮಾಡಿದರು. ಇದರಿಂದ ನೇಗಿಲಿನ ಎಳೆತವೇ ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಈಗ ನಮ್ಮೂರಿನ ಯಾವ ಟ್ರ್ಯಾಕ್ಟರಿನ ಹಿಂದೆ ಹೋಗಿ ನೋಡಿದರೂ ಆ ಮೂರು ಕೊಂಡಿ ಕಾಣತ್ತೆ. ನೋಡಿ ಬನ್ನಿ.

1938ರಲ್ಲಿ ಫರ್ಗುಸನ್ ಮತ್ತು ಹೆನ್ರಿ ಫೋರ್ಡ್ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಕಾಗದ ಪತ್ರ ಏನೂ ಇಲ್ಲ. ಆಮೇಲೆ ಫೋರ್ಡ್ ಮನೆತನದ ಮುಂದಿನವರು ಒಪ್ಪಂದ ಬಿಟ್ಟಾಗ ಕೋರ್ಟಿಗೆ ಹೋಗಬೇಕಾಯಿತು. 1952ರಲ್ಲಿ ಫರ್ಗುಸನ್‌ಗೆ 92 ಲಕ್ಷದ 50 ಸಾವಿರ ಡಾಲರ್ ಪರಿಹಾರ ಸಿಕ್ಕಿತು. ಇದರಿಂದ ತಿಳಿಯುವ ನೀತಿ: ಟ್ರ್ಯಾಕ್ಟರ್ ವಿಷಯದಲ್ಲಿ ಕಾಗದ ಬೇಕೇ ಬೇಕು.

ಅವರು 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಾಡಿಸಿದ ಬೂದು ಬಣ್ಣದ 'ಟಿ.ಇ. 20' ಟ್ರ್ಯಾಕ್ಟರು 1956ರ ತನಕ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹಳೆ ಟ್ರ್ಯಾಕ್ಟರ್ ಕೂಡಿಡುವವರಲ್ಲಿ ಬಹಳ ಜನ ಇದರಿಂದಲೇ ಶುರು ಮಾಡುತ್ತಾರೆ. ಬಹಳ ಇರುವುದರಿಂದ ಬೆಲೆ ಕಡಿಮೆ, ಬಿಡಿಭಾಗವೂ ಸಿಗತ್ತೆ.

|| ನಿಮಗೆ ಗೊತ್ತೇ? ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ! ಚಕ್ರದ ಸುತ್ತ ಪಟ್ಟಿ ಹಾಕಿಸಿಕೊಂಡು ಹಿಮದ ಮೇಲೆ ಓಡಿಸಿದರು. ||

3. ಕೆಲವಕ್ಕೆ ಯಾಕೆ ಅಷ್ಟು ಬೆಲೆ?

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಕಡಿಮೆ ಉಳಿದಿರಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, ಅಂದರೆ 1942ರ ಹೊತ್ತಿಗೆ, ಅಮೆರಿಕದಲ್ಲಿ ಮನೆಮನೆಯಿಂದ ಹಳೆ ಕಬ್ಬಿಣ ಕೂಡಿಸಿದರು. ಹಡಗು, ಟ್ಯಾಂಕು, ಗುಂಡು ಮಾಡಲು ಅದು ಬೇಕಾಗಿತ್ತು. ಹಿತ್ತಲಲ್ಲಿ ನಿಂತಿದ್ದ ಎಷ್ಟೋ ಹಳೆ ಟ್ರ್ಯಾಕ್ಟರುಗಳು, ಉಗಿ ಇಂಜಿನ್‌ಗಳು ಆಗ ಕರಗಿ ಹೋದವು. ಅಂದು ಯಾರೋ ಒಬ್ಬ ರೈತ 'ಇದನ್ನು ಕೊಡಲ್ಲ' ಅಂದಿದ್ದರಿಂದ ಇವತ್ತು ಕೆಲವು ಉಳಿದಿವೆ. 1913ರಲ್ಲಿ ಮಾಡಿದ 'ಕೇಸ್ 30-60' ಎಂಬ ದೈತ್ಯ ಟ್ರ್ಯಾಕ್ಟರ್ 2022ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಹತ್ತು ಲಕ್ಷ ಡಾಲರಿಗೂ ಮೇಲೆ ಹೋಯಿತು. ಆದರೆ ಎಲ್ಲವೂ ಹಾಗಲ್ಲ. ಹೆಚ್ಚಿನವು ಒಂದು ಹಳೆ ಕಾರಿನ ಬೆಲೆಗೆ ಹೋಗುತ್ತವೆ.

ಬೆಲೆಗಿಂತ ದೊಡ್ಡ ಕಾರಣ ಬೇರೆ ಇದೆ. 'ಇದು ನಮ್ಮ ಅಪ್ಪ ಓಡಿಸುತ್ತಿದ್ದ ಮಾಡೆಲ್ಲು' ಎಂದು ಹುಡುಕಿಕೊಂಡು ಬರುವವರು ಜಾಸ್ತಿ. ಜಾನ್ ಡೀರಿನ ಎರಡು ಸಿಲಿಂಡರಿನ ಹಳೆ ಟ್ರ್ಯಾಕ್ಟರಿಗೆ 'ಪಟ್... ಪಟ್... ಪಟ್' ಎಂಬ ಬೇರೆಯೇ ಸದ್ದು ಇರುತ್ತದೆ. ಆ ಸದ್ದನ್ನು ಮತ್ತೆ ಕೇಳಬೇಕು ಅಂತಲೇ ಕೊಳ್ಳುವವರಿದ್ದಾರೆ. ಅಯೋವಾದ ಮೌಂಟ್ ಪ್ಲೆಸೆಂಟ್ ಎಂಬ ಊರಲ್ಲಿ 1950ರಲ್ಲಿ ಹಳೆ ಒಕ್ಕಣೆ ಯಂತ್ರಗಳ ಜಾತ್ರೆ ಶುರುವಾಯಿತು. ಅಲ್ಲಿ ಅವನ್ನು ಬರೀ ನಿಲ್ಲಿಸುವುದಿಲ್ಲ, ಓಡಿಸಿ ತೋರಿಸುತ್ತಾರೆ.

4. ಹರಾಜು ಹೇಗೆ ನಡೆಯುತ್ತದೆ?

ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರಿನಲ್ಲಿ ಚೆಫಿನ್ಸ್ ಎಂಬ ಸಂಸ್ಥೆ, ಅಮೆರಿಕದಲ್ಲಿ ಮೀಕಮ್ ಎಂಬ ಕಂಪನಿ ಇಂಥ ಹರಾಜುಗಳಿಗೆ ಹೆಸರುವಾಸಿ. ಕ್ರಮ ಹೀಗಿರುತ್ತದೆ:

(ಅ) ಪ್ರತಿ ಟ್ರ್ಯಾಕ್ಟರಿಗೂ ಒಂದು ನಂಬರ್ ಚೀಟಿ ಅಂಟಿಸಿ, ಪಟ್ಟಿ ಅಚ್ಚು ಹಾಕಿಸುತ್ತಾರೆ.
(ಆ) ಕೊಳ್ಳುವವರು ಹೆಸರು ಬರೆಸಿ, ತಮ್ಮದೊಂದು ನಂಬರ್ ಪಡೆಯುತ್ತಾರೆ.
(ಇ) ಹರಾಜಿಗೆ ಮುಂಚೆ ನೋಡಲು ಸಮಯ ಕೊಡುತ್ತಾರೆ. ಮುಟ್ಟಿ, ಬಗ್ಗಿ ನೋಡಬಹುದು.
(ಈ) ಕೂಗುವವನು ಬೆಲೆ ಏರಿಸುತ್ತಾ ಹೋಗುತ್ತಾನೆ. ಕೊನೆಗೆ ಸುತ್ತಿಗೆ ಬಡಿದರೆ ಮುಗಿಯಿತು. ಆಮೇಲೆ ಬೇಡ ಅನ್ನುವಂತಿಲ್ಲ.
(ಉ) ಮಾರುವವರು 'ಇಷ್ಟಕ್ಕಿಂತ ಕಡಿಮೆಗೆ ಕೊಡಲ್ಲ' ಎಂದು ಮೊದಲೇ ಗುಟ್ಟಾಗಿ ಒಂದು ಬೆಲೆ ಹೇಳಿರಬಹುದು. ಅದು ಮುಟ್ಟದಿದ್ದರೆ ವಾಪಸು.
(ಊ) 'ಇದ್ದಲ್ಲಿ, ಇದ್ದ ಹಾಗೆ' ಎಂಬ ನಿಯಮ. ಮನೆಗೆ ತಂದ ಮೇಲೆ ಗೇರ್ ಬಾಕ್ಸ್ ಒಡೆದಿದೆ ಅಂತ ಗೊತ್ತಾದರೆ ಅದು ನಿಮ್ಮ ಹಣೆಬರಹ.

ನಮ್ಮ ದನಗಳ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಅಲ್ಲಿ ಪಕ್ಕದವನಿಗೂ ದರ ಗೊತ್ತಾಗಲ್ಲ. ಹರಾಜಿನಲ್ಲಿ ಎಲ್ಲರಿಗೂ ಗೊತ್ತಾಗತ್ತೆ. ಅದರಿಂದಲೇ ಹಠ ಹುಟ್ಟುತ್ತದೆ. 'ಅವನು ಕೂಗಿದ, ನಾನು ಬಿಡ್ತೀನಾ' ಅನ್ನಿಸುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ಆದ್ದರಿಂದ ತಿಳಿದವರು ಮನೆಯಲ್ಲೇ ಕೊನೆಯ ಬೆಲೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ.

ಇನ್ನೊಂದು ಲೆಕ್ಕ ಇದೆ. ಕೂಗಿದ ಬೆಲೆಯ ಮೇಲೆ ಹರಾಜಿನವರಿಗೆ ಕಮಿಷನ್ ಕೊಡಬೇಕಾಗುವುದುಂಟು. ಉದಾಹರಣೆಗೆ, ಕೂಗಿದ್ದು 1,00,000 ಮತ್ತು ಕಮಿಷನ್ ನೂರಕ್ಕೆ 10 ಅಂತ ಇಟ್ಟುಕೊಳ್ಳಿ. ಕೊಡಬೇಕಾದದ್ದು 1,10,000. ಸಾಗಿಸುವ ಲಾರಿ ಬಾಡಿಗೆ 15,000 ಆದರೆ 1,25,000. ಟೈರು, ಬ್ಯಾಟರಿಗೆ ಇನ್ನೂ 40,000 ಹಿಡಿಯಿರಿ. ಒಟ್ಟು 1,65,000. ಲಕ್ಷದ ಟ್ರ್ಯಾಕ್ಟರ್ ಲಕ್ಷದ್ದಲ್ಲ!

5. ಕೊಳ್ಳುವ ಮುಂಚೆ ಏನು ನೋಡಬೇಕು?

ಎತ್ತು ಕೊಳ್ಳುವಾಗ ದೊಡ್ಡವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಹಾಗೇ ಟ್ರ್ಯಾಕ್ಟರಿಗೂ ಇದೆ.

ಹಲ್ಲು: ಅಂದರೆ ಸೀರಿಯಲ್ ನಂಬರ್. ಒಂದು ಸಣ್ಣ ತಗಡಿನ ಮೇಲೆ ಹೊಡೆದಿರುತ್ತಾರೆ. ಕಂಪನಿಯ ಪಟ್ಟಿ ನೋಡಿದರೆ ಯಾವ ವರ್ಷದ್ದು ಅಂತ ಗೊತ್ತಾಗತ್ತೆ. ತಗಡೇ ಇಲ್ಲದಿದ್ದರೆ ಸಂಶಯ ಪಡಬೇಕು.

ಸುಳಿ: ಅಂದರೆ ಇಂಜಿನ್ ಬ್ಲಾಕಿನ ಬಿರುಕು. ಚಳಿ ದೇಶಗಳಲ್ಲಿ ಇದು ದೊಡ್ಡ ಶತ್ರು. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆ ಎಂದು ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಚಳಿಗಾಲಕ್ಕೆ ಮುಂಚೆ ನೀರು ಬಸಿಯದೆ ಬಿಟ್ಟರೆ ಆ ಹಿಗ್ಗುವ ಮಂಜು ಕಬ್ಬಿಣದ ಬ್ಲಾಕನ್ನೇ ಸೀಳುತ್ತದೆ.

ರಕ್ತ: ಅಂದರೆ ಆಯಿಲ್. ಕಡ್ಡಿ ತೆಗೆದು ನೋಡಬೇಕು. ಕಪ್ಪಗಿದ್ದರೆ ಪರವಾಗಿಲ್ಲ. ಹಾಲು ಹಾಕಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ.

ನಡೆ: ಇಂಜಿನ್ ಕೈಯಲ್ಲಿ ತಿರುಗುತ್ತದೋ ಇಲ್ಲವೋ ನೋಡಬೇಕು. ತಿರುಗದಿದ್ದರೆ ಪಿಸ್ಟನ್ ತುಕ್ಕು ಹಿಡಿದು ಕೂತಿದೆ.

ಚರ್ಮ: ಅಂದರೆ ಬಣ್ಣ. ಮಿರಮಿರ ಹೊಳೆಯುವ ಹೊಸ ಬಣ್ಣ ಕಂಡರೆ ಹುಷಾರಾಗಿರಬೇಕು. ಬೆಳ್ಳಗಿರೋದೆಲ್ಲ ಹಾಲಲ್ಲ. ಬೆಸುಗೆ, ಬಿರುಕು ಮುಚ್ಚಲು ಬಣ್ಣ ಬಳಿಯುವವರೂ ಇದ್ದಾರೆ.

ಇವೆಲ್ಲ ನೋಡದೆ ಕೊಂಡರೆ ಮೋಸ ಹೋಗುತ್ತೇವೆ. ನೋಡಿಯೂ ಹಠಕ್ಕೆ ಕೊಂಡರೆ ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗೆ.

ಇಲ್ಲಿ ಒಂದು ಕಥೆ ಹೇಳಬೇಕು. ಅಮೆರಿಕದ ನೆಬ್ರಾಸ್ಕ ರಾಜ್ಯದ ವಿಲ್ಮಟ್ ಕ್ರೋಜಿಯರ್ ಎಂಬ ರೈತರು 'ಫೋರ್ಡ್' ಹೆಸರು ನೋಡಿ ಒಂದು ಟ್ರ್ಯಾಕ್ಟರ್ ಕೊಂಡರು. ಅದಕ್ಕೂ ಹೆನ್ರಿ ಫೋರ್ಡ್‌ಗೂ ಸಂಬಂಧವೇ ಇರಲಿಲ್ಲ. ಟ್ರ್ಯಾಕ್ಟರ್ ಸದಾ ಕೆಡುತ್ತಿತ್ತು. ಅವರು ಸುಮ್ಮನೆ ಕೂರಲಿಲ್ಲ. ಶಾಸನಸಭೆಗೆ ಆರಿಸಿ ಹೋಗಿ, 1919ರಲ್ಲಿ ಒಂದು ಕಾನೂನು ಆಗುವಂತೆ ಮಾಡಿದರು. ಅದರ ಪ್ರಕಾರ ಆ ರಾಜ್ಯದಲ್ಲಿ ಮಾರುವ ಪ್ರತಿ ಮಾಡೆಲ್ ಟ್ರ್ಯಾಕ್ಟರನ್ನೂ ವಿಶ್ವವಿದ್ಯಾನಿಲಯದವರು ಪರೀಕ್ಷೆ ಮಾಡಬೇಕಾಗಿತ್ತು. 1920ರಿಂದ ಪರೀಕ್ಷೆ ಶುರುವಾಯಿತು. ಹಳೆ ಟ್ರ್ಯಾಕ್ಟರ್ ರಿಪೇರಿ ಮಾಡುವವರು ಇವತ್ತಿಗೂ ಆ ಹಳೆಯ ಪರೀಕ್ಷಾ ವರದಿಗಳನ್ನು ತೆಗೆದು ನೋಡುತ್ತಾರೆ.

6. ತಂದ ಮೇಲೆ ಕಾಪಾಡುವುದು ಹೇಗೆ?

● ಕೂತ ಇಂಜಿನ್ನನ್ನು ಬೇರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಿರುಗಿಸಬಾರದು. ಒಳಗಿನ ರಾಡು ಬಾಗುತ್ತದೆ. ಸಿಲಿಂಡರಿನೊಳಕ್ಕೆ ತೆಳು ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಬೇಕು. ತಾಳ್ಮೆಯೇ ಮುಖ್ಯ.
● ಬಿಚ್ಚುವ ಮೊದಲು ಫೋಟೋ ತೆಗೆಯಬೇಕು ಅಥವಾ ಚಿತ್ರ ಬರೆದಿಡಬೇಕು. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆಯಬೇಕು.
● ನಿಲ್ಲಿಸಿಡುವಾಗ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ಭಾರ ಇಳಿಸಿದರೆ ಟೈರು ಉಳಿಯುತ್ತದೆ.
● ಹೊಗೆ ಕೊಳವೆಯ ಬಾಯಿಗೆ ಒಂದು ಡಬ್ಬ ಬೋರಲು ಹಾಕಿದರೆ ಮಳೆ ನೀರು ಇಂಜಿನ್ನಿಗೆ ಇಳಿಯುವುದಿಲ್ಲ. ಎರಡು ರೂಪಾಯಿ ಡಬ್ಬ ಇಂಜಿನ್ನನ್ನೇ ಕಾಪಾಡುತ್ತದೆ!
● ತಿಂಗಳಿಗೊಮ್ಮೆ ಇಂಜಿನ್ ತಿರುಗಿಸಬೇಕು. ಗ್ರೀಸ್ ಹೊಡೆಯಬೇಕು. ಇಲಿ ಗೂಡು ಕಟ್ಟಿದೆಯಾ ನೋಡಬೇಕು.

ಎಚ್ಚರಿಕೆ: ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಹಾಕಬಾರದು, ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು. ಇಲ್ಲದಿದ್ದರೆ ಹೆಬ್ಬೆರಳು, ಮಣಿಕಟ್ಟು ಮುರಿಯುತ್ತದೆ. ಇದು ದೊಡ್ಡವರ ಕೆಲಸ, ನಾವು ಮಾಡಬಾರದು. ಹಳೆಯ ಟ್ರ್ಯಾಕ್ಟರಿಗೆ ಮಗುಚಿದಾಗ ಕಾಪಾಡುವ ಕಬ್ಬಿಣದ ಚೌಕಟ್ಟು ಇರುವುದಿಲ್ಲ. ಮಡ್‌ಗಾರ್ಡ್ ಮೇಲೆ ಕೂತು ಹೋಗುವ ನಮ್ಮ ಶಾಲೆಯ ಹುಡುಗರು ಇದನ್ನು ಎರಡು ಸಾರಿ ಓದಿರಿ.

7. ಬಣ್ಣ ಹೊಡೀಬೇಕಾ, ಬೇಡ್ವಾ?

ಇದರ ಬಗ್ಗೆ ಅಲ್ಲಿ ದೊಡ್ಡ ಜಗಳವೇ ಇದೆ. ಕೆಲವರು ತುಕ್ಕು ಕೆರೆದು, ಕಾರ್ಖಾನೆಯಿಂದ ಇಳಿದ ದಿನದ ಹಾಗೆ ಮಾಡಿ ನಿಲ್ಲಿಸುತ್ತಾರೆ. ಇನ್ನು ಕೆಲವರು, ಟ್ರ್ಯಾಕ್ಟರ್ ಒಂದೇ ಸಾರಿ ಹುಟ್ಟುವುದು, ಮೊದಲ ಬಣ್ಣ ಒಮ್ಮೆ ಕೆರೆದರೆ ಮತ್ತೆ ಬರಲ್ಲ ಎನ್ನುತ್ತಾರೆ. ಅವರು ಬರೀ ಒರೆಸಿ, ಎಣ್ಣೆ ಸವರಿ, ತುಕ್ಕು ಮುಂದೆ ಹೋಗದಂತೆ ನಿಲ್ಲಿಸುತ್ತಾರೆ.

ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ಕ್ಲಚ್ ಪೆಡಲು ಸವೆದು ತೆಳ್ಳಗಾಗಿರುತ್ತದೆ. ಸ್ಟೇರಿಂಗಿನ ಮೇಲೆ ಒಂದೇ ಕಡೆ ನುಣುಪಾಗಿರುತ್ತದೆ. ಅದು ಒಬ್ಬ ಮನುಷ್ಯ ಎಷ್ಟೋ ವರ್ಷ ಅಲ್ಲಿ ಕೈ ಇಟ್ಟಿದ್ದಕ್ಕೆ ಗುರುತು. ಹೊಸ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಆದರೆ ತುಕ್ಕು ತಿಂದು ತೂತು ಬೀಳುತ್ತಿದ್ದರೆ ಬಣ್ಣ ಹೊಡೆಯಲೇಬೇಕು. ಇಲ್ಲದಿದ್ದರೆ ಕಾಪಾಡಲು ಏನೂ ಉಳಿಯುವುದಿಲ್ಲ.

8. ಐದು ಸೆಂಟಿನ ಹರಾಜು

ಆ ದೇಶದವರಿಗೂ ಹರಾಜು ಯಾವಾಗಲೂ ಸಂತೋಷದ್ದಾಗಿರಲಿಲ್ಲ. 1929ರಿಂದ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಬಂತು. ಜೋಳ, ಗೋಧಿ ಬೆಲೆ ಬಿದ್ದು ಹೋಯಿತು. ಸಾಲ ಕಟ್ಟಲಾಗದ ರೈತರ ಹೊಲ, ದನ, ಯಂತ್ರಗಳನ್ನು ಹರಾಜಿಗೆ ಹಾಕಿದರು. ಆಗ ನೆರೆಹೊರೆಯವರು ಒಂದು ಉಪಾಯ ಮಾಡಿದರು. 1931ರಲ್ಲಿ ನೆಬ್ರಾಸ್ಕದ ಮ್ಯಾಡಿಸನ್ ಕೌಂಟಿಯಲ್ಲಿ ಒಂದು ಮನೆಯ ಹರಾಜಿಗೆ ಸುತ್ತಲಿನ ರೈತರೆಲ್ಲ ಬಂದು ನಿಂತರು. ಒಬ್ಬ ಐದು ಸೆಂಟು ಎಂದು ಕೂಗಿದ. ಬೇರೆ ಯಾರೂ ಏರಿಸಲಿಲ್ಲ. ಹೀಗೆ ಎಲ್ಲ ಸಾಮಾನು ಸೇರಿ ಬಂದದ್ದು 5 ಡಾಲರ್ 35 ಸೆಂಟು ಮಾತ್ರ. ಕೊಂಡವರು ಎಲ್ಲವನ್ನೂ ಮನೆಯವರಿಗೇ ವಾಪಸು ಕೊಟ್ಟರು. ಇಂಥವು ಆಮೇಲೆ ಬೇರೆ ಊರುಗಳಲ್ಲೂ ನಡೆದವು. ಇವಕ್ಕೆ 'ಪೆನ್ನಿ ಹರಾಜು' ಎಂದು ಹೆಸರು.

ಇದನ್ನು ಓದಿದ ಮೇಲೆ ನನಗೆ ಹಳೆ ಟ್ರ್ಯಾಕ್ಟರಿನ ಹರಾಜು ಬೇರೆ ತರ ಕಾಣಿಸಿತು. ಇವತ್ತು ಅಲ್ಲಿ ಸಾಲಾಗಿ ನಿಂತಿರುವ 1930ರ ಸುಮಾರಿನ ಟ್ರ್ಯಾಕ್ಟರುಗಳಲ್ಲಿ ಕೆಲವು ಆ ದಿನಗಳನ್ನು ದಾಟಿ ಬಂದಿರಲೇಬೇಕು.

9. ನಮ್ಮ ಕಡೆ ಹಳೆ ಟ್ರ್ಯಾಕ್ಟರುಗಳು

ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುವಾದದ್ದು 1959ರಲ್ಲಿ, ಫರಿದಾಬಾದಿನಲ್ಲಿ. ಅದು ಐಷರ್. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿ ಮ್ಯಾಸಿ ಫರ್ಗುಸನ್ ಮಾಡಿತು. ಆ ಹೆಸರಿನಲ್ಲಿರುವ ಫರ್ಗುಸನ್ ನಾನು ಮೇಲೆ ಹೇಳಿದವರೇ! 1963ರಲ್ಲಿ ಮಹೀಂದ್ರ ಜೊತೆ ಸೇರಿದ್ದು ಫಾರ್ಮಾಲ್ ಮಾಡಿದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾಗಿ, ಕೈಗಡಿಯಾರಕ್ಕೆ ಹೆಸರಾದ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಆರಂಭಿಸಿತು. ಜೆಕೊಸ್ಲೊವಾಕಿಯಾದ 'ಜೆಟರ್' ಟ್ರ್ಯಾಕ್ಟರೇ ಅದಕ್ಕೆ ಮೂಲ. 2016ರಲ್ಲಿ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಂದರೆ ಇನ್ನು ಮುಂದೆ ಹೊಸ ಎಚ್.ಎಂ.ಟಿ. ಟ್ರ್ಯಾಕ್ಟರ್ ಹುಟ್ಟುವುದಿಲ್ಲ. ಇರುವವು ಕಡಿಮೆಯಾಗುತ್ತಾ ಹೋಗುತ್ತವೆ.

ನಮ್ಮ ತಾತನ ಎಚ್.ಎಂ.ಟಿ. 2511 ಹಿತ್ತಲಲ್ಲಿ ಹುಣಸೆ ಮರದ ಕೆಳಗೆ ನಿಂತಿದೆ. 25 ಅಂದರೆ 25 ಕುದುರೆ ಶಕ್ತಿ. ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ಕೇಳಿ ಹೋಗಿದ್ದಾರೆ. ಅಪ್ಪನಿಗೆ ಕೊಳವೆ ಬಾವಿ ಮೋಟಾರು ಕಟ್ಟಿಸಲು ದುಡ್ಡು ಬೇಕು. 'ಕೊಡಬೇಡ' ಅಂತ ನಾನು ಹೇಳುವುದು ಸುಲಭ, ಬೆಳೆ ಒಣಗಿದರೆ ಊಟಕ್ಕೆ ಏನು ಅಂತ ಅಪ್ಪ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ತಾತ ಏನೂ ಮಾತಾಡಿಲ್ಲ. ಇನ್ನೂ ತೀರ್ಮಾನ ಆಗಿಲ್ಲ.

ಇಂಗ್ಲೆಂಡಿನವರ ಹಾಗೆ ಶೋಕಿಗೆ ಕೊಟ್ಟಿಗೆ ಕಟ್ಟಿಸಿ ಇಡಲು ನಮ್ಮಂಥವರಿಗೆ ಆಗುವುದಿಲ್ಲ. ಹಾಗಾದರೆ ನಮ್ಮ ಕೈಲಿ ಏನಾಗುತ್ತದೆ? ಮೆಕ್ಯಾನಿಕ್ ಹೇಳಿದ್ದು: 'ಕಬ್ಬಿಣಕ್ಕೆ ವಯಸ್ಸಾಗಲ್ಲ, ಸುಮ್ಮನೆ ನಿಂತರೆ ಸಾಯತ್ತೆ.' ಓಡುವಂಥದ್ದಾದರೆ ಕಳೆ ಹೊಡೆಯಲು, ನೀರಿನ ಟ್ಯಾಂಕ್ ಎಳೆಯಲು ಸಣ್ಣ ಕೆಲಸ ಕೊಟ್ಟರೆ ಅದೇ ಅದನ್ನು ಕಾಪಾಡುವ ದಾರಿ. ಮಾರಲೇಬೇಕಾದರೆ ಗುಜರಿಗೆ ಕೊಡುವ ಮುಂಚೆ ಅದೇ ಮಾಡೆಲ್ ಇಟ್ಟುಕೊಂಡಿರುವ ರೈತರನ್ನು ವಿಚಾರಿಸಬೇಕು. ಬಿಡಿಭಾಗ ಸಿಗದೆ ಒದ್ದಾಡುವವರು ಗುಜರಿಗಿಂತ ಹೆಚ್ಚು ಕೊಡಬಹುದು. ಒಂದು ಟ್ರ್ಯಾಕ್ಟರ್ ಹೋದರೂ ಅದರ ಗೇರಿನಿಂದ ಇನ್ನೊಂದು ಬದುಕುತ್ತದೆ.

10. ನಿಮಗೊಂದು ಕೆಲಸ

ನಿಮ್ಮ ಮನೆ ಅಥವಾ ಬೀದಿಯಲ್ಲಿ ಹಳೆ ಟ್ರ್ಯಾಕ್ಟರ್ ಇದ್ದರೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಿರಿ: ಯಾವ ಕಂಪನಿ, ಯಾವ ಮಾಡೆಲ್, ತಗಡಿನ ಮೇಲಿನ ನಂಬರ್, ಯಾವ ವರ್ಷ ಬಂತು, ಆಗ ಎಷ್ಟು ಬೆಲೆ, ಮೊದಲು ಯಾರು ಓಡಿಸಿದರು. ನಂಬರ್ ಕಾಣದಿದ್ದರೆ ಬಟ್ಟೆಗೆ ಸೀಮೆಎಣ್ಣೆ ಹಾಕಿ ಮೆಲ್ಲಗೆ ಒರೆಸಿ. ಚೂಪಾದ ವಸ್ತುವಿನಿಂದ ಕೆರೆಯಬೇಡಿ, ಅಕ್ಷರ ಹೋಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳುವುದನ್ನು ಮೊದಲು ಮಾಡಿ, ತಗಡು ಆಮೇಲೆ ಓದಬಹುದು.

ಹಾಳೆಗಳನ್ನು ಶನಿವಾರದೊಳಗೆ ನನಗೆ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ನಮ್ಮೂರ ಟ್ರ್ಯಾಕ್ಟರುಗಳ ಪಟ್ಟಿಯನ್ನು ಇದೇ ಗೋಡೆಯ ಮೇಲೆ ಹಾಕೋಣ. ಟ್ರ್ಯಾಕ್ಟರ್ ಉಳಿಯುತ್ತದೋ ಇಲ್ಲವೋ, ಅದು ಇತ್ತು ಎಂಬುದಾದರೂ ಉಳಿಯುತ್ತದೆ.

– ಏಳನೇ ತರಗತಿ